ಮುಂದಿನ ವರ್ಷ ಎಷ್ಟು ಕೆಮ್ಮುತ್ತೀರಿ?

ಅಮೆರಿಕದಲ್ಲಿ ಕೆಲಸ ಮಾಡುವವರಿಗೆ ನವೆಂಬರ್ ಹೊತ್ತಿಗೆ ಎಚ್‌ಆರ್‌ನವರಿಂದ ಒಂದು ಈಮೇಲ್ ಬರುತ್ತದೆ. ಹತ್ತಾರು ಪ್ರಶ್ನೆಗಳ ನಡುವೆ ಒಂದು: ಮುಂದಿನ ವರ್ಷ ಎಫ್‌ಎಸ್‌ಎ ಖಾತೆಗೆ ಎಷ್ಟು ದುಡ್ಡು ಹಾಕುತ್ತೀರಿ? ಎಫ್‌ಎಸ್‌ಎ ಅಂದರೆ ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್, ಡಾಕ್ಟರ್, ಔಷಧಿ ಖರ್ಚಿಗೆಂದೇ ಸಂಬಳದಿಂದ ಎತ್ತಿಡುವ ದುಡ್ಡಿನ ಖಾತೆ. ನೋಡಲು ಸಾಧು ಪ್ರಶ್ನೆ. ನಿಜವಾಗಿ ಕೇಳುತ್ತಿರುವುದು ಬೇರೆ. ಮುಂದಿನ ವರ್ಷ ನಿಮಗೆ ಎಷ್ಟು ಸಲ ನೆಗಡಿ ಆಗುತ್ತದೆ? ಮಗ ಸೈಕಲ್‌ನಿಂದ ಬಿದ್ದು ಮೊಣಕಾಲು ತರಚಿಕೊಳ್ಳುತ್ತಾನಾ? ಹೆಂಡತಿಯ ಕನ್ನಡಕದ ನಂಬರ್ ಏರುತ್ತದಾ? ದಯವಿಟ್ಟು ಡಾಲರ್ ಲೆಕ್ಕದಲ್ಲಿ ಉತ್ತರಿಸಿ. ಒಮ್ಮೆ ಬರೆದ ಮೇಲೆ ತಿದ್ದುವ ಹಾಗಿಲ್ಲ. ಮದುವೆ, ಡೈವೋರ್ಸ್, ಮಗು ಹುಟ್ಟುವುದು, ಇಂಥದ್ದೇನಾದರೂ ಆದರೆ ಮಾತ್ರ ಬದಲಾಯಿಸಬಹುದು.

ಊರಿನ ಜೋಯಿಸರೂ ಇಷ್ಟು ಧೈರ್ಯ ಮಾಡುವುದಿಲ್ಲ. "ಉದರ ಸಂಬಂಧಿ ತೊಂದರೆ, ಸ್ವಲ್ಪ ಎಚ್ಚರ" ಅಂದು ದಕ್ಷಿಣೆ ತಗೊಂಡು ಸುಮ್ಮನಾಗುತ್ತಾರೆ. ಆ ಉದರಕ್ಕೆ ಎಷ್ಟು ಡಾಲರಿನ ಮಾತ್ರೆ ಬೇಕು ಅಂತ ಅವರನ್ನು ಯಾರೂ ಕೇಳಿಲ್ಲ.

ಆಸೆ ಹುಟ್ಟಿಸುವುದು ತೆರಿಗೆ. ಎಫ್‌ಎಸ್‌ಎಗೆ ಹೋಗುವ ದುಡ್ಡಿಗೆ ಆದಾಯ ತೆರಿಗೆ ಇಲ್ಲ, ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಅಂತ ಪಿಂಚಣಿಗೂ ಮುಪ್ಪಿನ ಆರೋಗ್ಯ ವಿಮೆಗೂ ಆಗುವ ಕಡಿತವೂ ಇಲ್ಲ. 22 ಪರ್ಸೆಂಟ್ ತೆರಿಗೆ ಕಟ್ಟುವ ಸಾಮಾನ್ಯ ಟೆಕ್ಕಿಗೆ ನೂರು ಡಾಲರ್‌ಗೆ ಸುಮಾರು 30 ಡಾಲರ್ ಉಳಿಯುತ್ತದೆ. 2026ಕ್ಕೆ ಮಿತಿ 3,400 ಡಾಲರ್. ಕ್ಯಾಲ್ಕುಲೇಟರ್ ಒತ್ತಿದರೆ ಸಾವಿರ ಡಾಲರ್ ಲಾಭ ಅಂತ ಕಾಣುತ್ತದೆ. ಬಾಯಲ್ಲಿ ನೀರೂರುತ್ತದೆ.

ಆಮೇಲೆ ಬರುತ್ತದೆ ಷರತ್ತು. ವರ್ಷ ಮುಗಿಯುವುದರೊಳಗೆ ಖರ್ಚಾಗದ ದುಡ್ಡು ನಿಮ್ಮದಲ್ಲ. ನಿಮ್ಮ ಸಂಬಳದಲ್ಲೇ ಕಡಿದ ದುಡ್ಡು, ಹೋಗುವುದು ನಿಮ್ಮ ಕಂಪನಿಗೆ. ನೀವು ಆರೋಗ್ಯವಾಗಿದ್ದಿರಿ ಅಲ್ವಾ, ಅದಕ್ಕೆ ದಂಡ. ತೀರಾ ಕಟುಕರು ಅನ್ನಿಸಿಕೊಳ್ಳಬಾರದು ಅಂತ ಸರ್ಕಾರ ಎರಡು ರಿಯಾಯಿತಿ ಇಟ್ಟಿದೆ. ಒಂದೋ ಎರಡೂವರೆ ತಿಂಗಳು ಹೆಚ್ಚಿನ ಗಡುವು, ಇಲ್ಲವೇ ಒಂದಿಷ್ಟು ದುಡ್ಡು ಮುಂದಿನ ವರ್ಷಕ್ಕೆ. 2026ರದ್ದಾದರೆ 680 ಡಾಲರ್‌ವರೆಗೆ. ಕಂಪನಿ ಎರಡರಲ್ಲಿ ಒಂದನ್ನು ಕೊಡಬಹುದು. ಎರಡನ್ನೂ ಕೊಡುವಂತಿಲ್ಲ. ಎರಡನ್ನೂ ಕೊಡದೆ ಇರಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಹಾಗಾಗಿ ಡಿಸೆಂಬರ್ ಕೊನೇ ವಾರದಲ್ಲಿ ಗಟ್ಟಿಮುಟ್ಟಾದ ಗಂಡಸರು ಮೆಡಿಕಲ್ ಶಾಪ್‌ಗಳಲ್ಲಿ ಬುಟ್ಟಿ ಹಿಡಿದು ಅಲೆಯುತ್ತಿರುತ್ತಾರೆ. ಮೈಯಲ್ಲಿ ಒಂದು ಗೀರೂ ಇಲ್ಲ, ಬುಟ್ಟಿಯಲ್ಲಿ ಒಂದು ಸಣ್ಣ ಯುದ್ಧಕ್ಕೆ ಸಾಲುವಷ್ಟು ಬ್ಯಾಂಡೇಜ್. ಬಿಪಿ ನೋಡುವ ಮಿಷನ್ ಮನೆಯಲ್ಲಿ ಇದ್ದರೂ ಇನ್ನೊಂದು. ಥರ್ಮಾಮೀಟರ್ ಅಂತೂ ತಲೆಗೊಂದು. ಉಳಿದ ದುಡ್ಡು ನೋಡಿಯೇ ಬಿಪಿ ಏರಿರುತ್ತದೆ, ಮಿಷನ್ ದಂಡ ಅನ್ನಲಾಗದು.

ಕಣ್ಣಿಗೆ ಕಂಡದ್ದನ್ನೆಲ್ಲ ಬುಟ್ಟಿಗೆ ಹಾಕುವ ಹಾಗೂ ಇಲ್ಲ. ಯಾವುದು ಕಾಯಿಲೆ, ಯಾವುದು ಶೋಕಿ ಅಂತ ತೀರ್ಮಾನಿಸುವುದು ಐಆರ್‌ಎಸ್, ಅಂದರೆ ತೆರಿಗೆ ಇಲಾಖೆ. ಡಾಕ್ಟರ್ ಅಲ್ಲ. ಆ ಇಲಾಖೆಯ ವೈದ್ಯಶಾಸ್ತ್ರ ಓದಲು ಮಜವಾಗಿದೆ. ಟೂತ್‌ಪೇಸ್ಟ್‌ಗೆ ಎಫ್‌ಎಸ್‌ಎ ದುಡ್ಡು ಕೊಡುವಂತಿಲ್ಲ, ಟೂತ್‌ಬ್ರಷ್‌ಗೂ ಇಲ್ಲ. ಹಲ್ಲೆಲ್ಲ ಉದುರಿ ಹಲ್ಲುಸೆಟ್ ಹಾಕಿಸಿಕೊಳ್ಳಿ, ಧಾರಾಳವಾಗಿ ಕೊಡಬಹುದು. ತುಟಿಗೆ ಹಚ್ಚುವ ಬಾಮ್ ಮಾಮೂಲಿಯದ್ದಾದರೆ ಸೌಂದರ್ಯ. ಅದೇ ಬಾಮ್‌ನಲ್ಲಿ ಬಿಸಿಲು ತಡೆಯುವ ಎಸ್‌ಪಿಎಫ್ 15 ಅಥವಾ ಅದಕ್ಕೂ ಹೆಚ್ಚಿದ್ದರೆ ಔಷಧಿ. ಮೊಡವೆ ಕ್ರೀಮ್ ಆಗುತ್ತದೆ, ಚರ್ಮ ಒಣಗಿ ಬಿರಿದದ್ದಕ್ಕೆ ಹಚ್ಚುವ ಮಾಮೂಲಿ ಲೋಶನ್ ಆಗುವುದಿಲ್ಲ. ಸುಮ್ನೆ ಆರೋಗ್ಯ ಚೆನ್ನಾಗಿರಲಿ ಅಂತ ನುಂಗುವ ವಿಟಮಿನ್ ಆಗದು. ಒಟ್ಟಿನಲ್ಲಿ ಇಲಾಖೆಗೆ ನೀವು ಹುಷಾರಾಗಿರುವುದರಲ್ಲಿ ಆಸಕ್ತಿ ಇಲ್ಲ, ಹುಷಾರು ತಪ್ಪಿದ ಮೇಲೆ ಬನ್ನಿ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಯ ಊಟ, ಸ್ನಾನ, ಪಶುವೈದ್ಯರ ಫೀಸು, ಎಲ್ಲ ವೈದ್ಯಕೀಯ ಖರ್ಚಿನ ಪಟ್ಟಿಯಲ್ಲಿದೆ. ನ್ಯಾಯವೇ. ನಮ್ಮ ಮೆಣಸಿನ ಕಷಾಯಕ್ಕೆ ಮಾತ್ರ ಅಲ್ಲಿ ಜಾಗ ಇಲ್ಲ. ಶುಂಠಿ, ಅರಿಶಿನ ತಗೊಂಡರೆ ಅದು ದಿನಸಿ.

ಪಟ್ಟಿಯಾದರೂ ನೆಟ್ಟಗೆ ನಿಂತಿದೆಯಾ ಅಂದರೆ ಅದೂ ಇಲ್ಲ. ಡಾಕ್ಟರ್ ಚೀಟಿ ಇಲ್ಲದೆ ಸಿಗುವ ಮಾತ್ರೆಗಳಿಗೂ ಈ ದುಡ್ಡು ಕೊಡಬಹುದು ಅಂತ 2003ರಲ್ಲಿ ಐಆರ್‌ಎಸ್ ಹೇಳಿತು. ಜನ ಟೈಲೆನಾಲ್ ತಗೊಂಡರು. ಟೈಲೆನಾಲ್ ಅಂದರೆ ಬೇರೇನಲ್ಲ, ನಮ್ಮ ಡೋಲೋದ ಅಣ್ಣ. 2011ರ ಜನವರಿ 1ರಿಂದ ನಿಯಮ ತಲೆಕೆಳಗಾಯಿತು. ಒಬಾಮಾ ಕಾಲದ ಆರೋಗ್ಯ ಕಾನೂನು ಬಂದಿತ್ತು, ಅದಕ್ಕೆ ತೆರಿಗೆ ದುಡ್ಡು ಹೊಂದಿಸಬೇಕಿತ್ತು. ಚೀಟಿ ಬೇಕಿಲ್ಲದ ಮಾತ್ರೆಗೆ ಈ ಖಾತೆಯಿಂದ ದುಡ್ಡು ಬೇಕಾದರೆ ಡಾಕ್ಟರ್ ಚೀಟಿ ತನ್ನಿ ಎಂದರು. ಇನ್ಸುಲಿನ್‌ಗೆ ಮಾತ್ರ ವಿನಾಯಿತಿ. ಅಂದರೆ ಒಂದು ಡಬ್ಬಿ ತಲೆನೋವಿನ ಮಾತ್ರೆಯ ಮೇಲೆ ಎರಡೋ ಮೂರೋ ಡಾಲರ್ ತೆರಿಗೆ ಉಳಿಸಲು ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡು, ಅವರ ಫೀಸು ಕಟ್ಟಬೇಕು. ಫೀಸನ್ನು ಎಫ್‌ಎಸ್‌ಎಯಿಂದ ಕೊಡಬಹುದು, ಚಿಂತೆ ಬೇಡ. ಇದು ಒಂಬತ್ತು ವರ್ಷ ನಡೆಯಿತು.

ಬಿಡಿಸಲು ಕೊರೋನಾವೇ ಬರಬೇಕಾಯಿತು. 2020ರ ಮಾರ್ಚ್‌ನಲ್ಲಿ ಬಂದ ಕೇರ್ಸ್ ಆಕ್ಟ್ ಎಂಬ ಕೊರೋನಾ ಪರಿಹಾರದ ಕಾನೂನು ಚೀಟಿಯ ಕಾಟ ತೆಗೆದುಹಾಕಿತು. ಜೊತೆಗೆ ಸ್ಯಾನಿಟರಿ ಪ್ಯಾಡ್, ಟ್ಯಾಂಪೂನ್‌ಗಳನ್ನೂ ಪಟ್ಟಿಗೆ ಸೇರಿಸಿತು. ಅಲ್ಲಿಯವರೆಗೆ ಬಿಸಿಲು ತಡೆಯುವ ಕ್ರೀಮ್ ವೈದ್ಯಕೀಯ ಅಗತ್ಯವಾಗಿತ್ತು, ಮುಟ್ಟಿನ ಪ್ಯಾಡ್ ಆಗಿರಲಿಲ್ಲ. ದೇಶದ ಅರ್ಧ ಜನರಿಗೆ ಸಂಬಂಧಿಸಿದ ಈ ವಿಷಯ ಇಲಾಖೆಯ ಕಣ್ಣಿಗೆ ಬೀಳಲು ಜಗತ್ತೇ ಬಾಗಿಲು ಹಾಕಬೇಕಾಯಿತು. ಈ ಒಂದು ಸಾಲಿಗೆ ನಗು ಬರುವುದಿಲ್ಲ, ಮುಂದೆ ಹೋಗೋಣ.

ಇಲ್ಲಿ ನಮ್ಮವರದ್ದೊಂದು ಉಪಕಥೆ ಇದೆ. ಡಿಸೆಂಬರ್‌ನಲ್ಲೇ ಊರಿಗೆ ಹೋಗುವುದು, ಡಿಸೆಂಬರ್‌ನಲ್ಲೇ ಎಫ್‌ಎಸ್‌ಎ ಮುಗಿಯುವುದು. ಇಷ್ಟು ಚೆಂದದ ಯೋಗ ಪಂಚಾಂಗದಲ್ಲೂ ಸಿಗದು. ಮೈಸೂರಿನಲ್ಲಿರುವ ಅತ್ತೆಯವರ ಮಂಡಿನೋವಿಗೆ ನಾಲ್ಕು ಟ್ಯೂಬ್ ಮುಲಾಮು, ಮಾವನವರಿಗೆ ಬಿಪಿ ಮಿಷನ್, ಚಿಕ್ಕಪ್ಪನ ಎದೆಯುರಿಗೆ ದೊಡ್ಡ ಡಬ್ಬಿ ಮಾತ್ರೆ, ಸೂಟ್‌ಕೇಸ್ ತುಂಬುತ್ತದೆ ಅಲ್ವಾ? ಇಲಾಖೆ ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಕುಟುಂಬ ಅಂದರೆ ನೀವು, ಗಂಡ ಅಥವಾ ಹೆಂಡತಿ, ಮಕ್ಕಳು, ತೆರಿಗೆ ಕಾನೂನಿನ ಪ್ರಕಾರ ನಿಮ್ಮನ್ನೇ ಆಶ್ರಯಿಸಿದವರು. ಮೈಸೂರಿನ ಮಂಡಿ ಅಮೆರಿಕದ ಕಾನೂನಿಗೆ ನೋಯುವುದಿಲ್ಲ.

ಈ ಆಟದಲ್ಲಿ ಗೆಲ್ಲುವವರು ಇಲ್ಲವೇ ಇಲ್ಲ ಅಂತಲ್ಲ. ಸಂಬಳದಿಂದ ಕಡಿತ ವರ್ಷವಿಡೀ ಕಂತಿನಲ್ಲಿ ಆಗುತ್ತದೆ, ಆದರೆ ಪೂರ್ತಿ ಮೊತ್ತ ಮೊದಲ ದಿನದಿಂದಲೇ ಖರ್ಚಿಗೆ ಸಿಗುತ್ತದೆ. ಜನವರಿಯಲ್ಲಿ 3,400 ಡಾಲರ್ ಪೂರಾ ಮುಗಿಸಿ ಫೆಬ್ರವರಿಯಲ್ಲಿ ಕೆಲಸ ಬಿಟ್ಟರೆ ಬಾಕಿ ಕಂತನ್ನು ಕಂಪನಿ ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಒಳ್ಳೆಯ ನೌಕರನಾಗಿ ನವೆಂಬರ್‌ವರೆಗೆ ದುಡಿದು, ಕೆಮ್ಮದೆ, ಬೀಳದೆ, ಆಮೇಲೆ ಕೆಲಸ ಕಳೆದುಕೊಂಡರೆ ಉಳಿದದ್ದು ಸಾಮಾನ್ಯವಾಗಿ ಕಂಪನಿಗೇ. ಹಾಗಾಗಿ ಈ ಸಲ ಫಾರ್ಮ್ ತುಂಬುವವರಿಗೆ ನನ್ನ ಸಲಹೆ ಇಷ್ಟು: ಜ್ವರ, ಕೆಮ್ಮು, ಹಲ್ಲುನೋವು, ಕನ್ನಡಕ, ಎಲ್ಲವನ್ನೂ ಜನವರಿ ಮೊದಲ ವಾರಕ್ಕೆ ಬುಕ್ ಮಾಡಿಬಿಡಿ. ರಸೀದಿ ಮಾತ್ರ ಎಸೆಯಬೇಡಿ, ಆ ಕೆಮ್ಮು ನಿಜಾನಾ ಅಂತ ಮೇ ತಿಂಗಳಲ್ಲಿ ಪತ್ರ ಬಂದರೂ ಬರಬಹುದು.