ಏಳು ವರ್ಷ ಏರದ ಬಾಡಿಗೆ

ಧಾರವಾಡದ ಹಳೇ ಓಣಿಯೊಂದರಲ್ಲಿ ನಮ್ಮ ಅವ್ವನ ಮನೆ ಇದೆ. ಹಂಚಿನ ಮನೆ. ಮುಂದೆ ಪಡಸಾಲೆ, ಒಂದು ಕೋಣೆ, ಅಡುಗೆಮನೆ. ಅಲ್ಲಿ ಅವ್ವ ಒಬ್ಬಳೇ ಇರುತ್ತಾಳೆ. ಹಿಂದೆ ಎರಡು ಕೋಣೆ. ಅಲ್ಲಿ ಬಾಡಿಗೆಗೆ ಇರುವವರು ಕಾಕಾ ಮತ್ತು ಕಾಕು. ನಮಗೆ ಸಂಬಂಧಿಕರೇನಲ್ಲ. 2011ರಲ್ಲಿ ಬಂದರು, ಅಂದಿನಿಂದ ನಾನು ಹಾಗೇ ಕರೆಯುತ್ತೇನೆ. ಕಾಕಾಗೆ ಈಗ 78, ಕಾಕುಗೆ 73. ಅವ್ವನಿಗೆ 70.

ಕಳೆದ ಆಷಾಢದಲ್ಲಿ ಒಂದು ರಾತ್ರಿ. ನಮ್ಮೂರಿನ ಜಿಟಿಜಿಟಿ ಮಳೆ ನಿಮಗೆ ಗೊತ್ತಲ್ವಾ, ನಿಲ್ಲುವುದೂ ಇಲ್ಲ, ಜೋರಾಗಿ ಸುರಿಯುವುದೂ ಇಲ್ಲ. ಎರಡು ಗಂಟೆಗೆ ಕಾಕು ಎದ್ದು ಹಿತ್ತಲಿಗೆ ಹೊರಟರು. ನಮ್ಮ ಮನೆಯ ಪಾಯಖಾನೆ ಇರುವುದು ಹಿತ್ತಲಿನ ಮೂಲೆಯಲ್ಲಿ. ಹಿಂದಿನ ಬಾಗಿಲಿನಿಂದ ಮೂರು ಕಲ್ಲಿನ ಪಾವಟಿಗೆ ಇಳಿದು, ಹದಿನೈದು ಹೆಜ್ಜೆ ನಡೆಯಬೇಕು. ಎರಡನೇ ಪಾವಟಿಗೆ ಸವೆದು ಒಂದು ಕಡೆ ವಾಲಿದೆ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಮೊಬೈಲಿನ ಬೆಳಕು. ಗೋಡೆ ಹಿಡಿಯಲು ಕೈ ಎಲ್ಲಿಂದ ಬರಬೇಕು? ಬಿದ್ದರು. ಬಲ ಮುಂಗೈ ಮುರಿಯಿತು.

ಆ ಪಾವಟಿಗೆ ವಾಲಿದ್ದು ನನಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. "ಈ ಬ್ಯಾಸಗಿಗೆ ಮಾಡಿಸಿಬಿಡೂಣು" ಅನ್ನುತ್ತಲೇ ಮೂರು ಬೇಸಿಗೆ ಕಳೆದಿದ್ದೆವು. ದುಡ್ಡು ಇರಲಿಲ್ಲ, ಅಷ್ಟೇ.

ನಾವು 2018ರಲ್ಲಿ ಬಾಡಿಗೆಯನ್ನು 3,000 ಮಾಡಿದ್ದೆವು. ಆಮೇಲೆ ಏಳು ವರ್ಷ ಒಂದು ರೂಪಾಯಿ ಏರಿಸಲಿಲ್ಲ. ಅವ್ವನಿಗೆ ಅದರ ಬಗ್ಗೆ ಹೆಮ್ಮೆ ಇತ್ತು. ನನಗೂ ಇತ್ತು. ವಯಸ್ಸಾದವರ ಹತ್ತಿರ ಜಾಸ್ತಿ ಕೇಳಬಾರದು ಅಂತ ನಾವಿಬ್ಬರೂ ಮನಸಾರೆ ನಂಬಿದ್ದೆವು. ಕಾಕು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ ಮೊದಲ ಸಲ ನನಗೆ ಬೇರೆ ಥರ ಅನ್ನಿಸಿತು. ನಾವು ಏರಿಸದ ಬಾಡಿಗೆಯನ್ನು ಯಾರೋ ಕಟ್ಟುತ್ತಲೇ ಇದ್ದರು. ಆ ಪಾವಟಿಗೆ ಕಟ್ಟುತ್ತಿತ್ತು, ಹಂಚು ಕಟ್ಟುತ್ತಿತ್ತು, ಕೊನೆಗೆ ಕಾಕುವಿನ ಮುಂಗೈ ಕಟ್ಟಿತು.

ಅವ್ವ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದಾಳೆ. ಹಳೇ ಕ್ಯಾಲೆಂಡರಿನ ಹಾಳೆಯ ರಟ್ಟು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಅಪ್ಪ ಹೋದ ಮೇಲೆ ಶುರು ಮಾಡಿದ್ದು. ಎಡಗಡೆ ಪುಟದಲ್ಲಿ ವರ್ಷಕ್ಕೆ ಹನ್ನೆರಡು ಸಾಲು, ಹನ್ನೆರಡೂ ಒಂದೇ ಅಂಕಿ, ಒಟ್ಟು 36,000. ಬಲಗಡೆ ಪುಟ ತುಂಬಿ ಅಂಚಿನಲ್ಲೂ ಬರೆದಿದ್ದಾಳೆ. ಹೋದ ವರ್ಷದ್ದು ನೋಡಿ. ಮನೆಪಟ್ಟಿ, ಅಂದರೆ ಆಸ್ತಿ ತೆರಿಗೆ, 5,800. ನಳದ ಬಿಲ್ 3,000. ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ ಒಡೆದ ಹಂಚು ಬದಲಿಸಿದ್ದಕ್ಕೆ 3,500. ಇದೇ ಕೆಲಸಕ್ಕೆ 2018ರಲ್ಲಿ 1,200 ಕೊಟ್ಟಿದ್ದಳು, ಅದೂ ಅದೇ ಪುಸ್ತಕದಲ್ಲಿದೆ. ನೀರಿನ ಮೋಟಾರ್ ಸುಟ್ಟಿದ್ದಕ್ಕೆ 4,200. ಗೆದ್ದಲು ತಿಂದ ಎರಡು ಜಂತಿ ಬದಲಿಸಿದ್ದಕ್ಕೆ 18,000. ಕೂಡಿಸಿದರೆ 34,500. ಉಳಿದದ್ದು 1,500 ರೂಪಾಯಿ. ತಿಂಗಳಿಗಲ್ಲ, ವರ್ಷಕ್ಕೆ.

ಮನೆ ಮಾಲಕರು ಅಂದರೆ ಕೂತು ತಿನ್ನುವವರು ಅಂತ ಒಂದು ಮಾತಿದೆ. ನಾಲ್ಕು ಮಹಡಿ ಕಟ್ಟಿಸಿದವರ ವಿಷಯ ನನಗೆ ಬೇಡ. ಎರಡು ಕೋಣೆ ಬಾಡಿಗೆ ಕೊಟ್ಟು, ಅದೇ ಮನೆಯಲ್ಲಿ ಇರುವ ಅವ್ವನಂಥವರು ನಮ್ಮ ಹುಬ್ಬಳ್ಳಿ-ಧಾರವಾಡದ ಹಳೇ ಓಣಿಗಳ ತುಂಬ ಇದ್ದಾರೆ. ಇವರಿಗೆ ಖರ್ಚು ಏರುವುದು ಗೊತ್ತೇ ಹೊರತು ಇಳಿಯುವುದು ಗೊತ್ತಿಲ್ಲ. ಆಸ್ತಿ ತೆರಿಗೆ ಈಗ ಸರ್ಕಾರದ ಮಾರ್ಗಸೂಚಿ ಬೆಲೆಗೆ ಅಂಟಿಕೊಂಡಿದೆ. ಆ ಬೆಲೆ 2023ರ ಅಕ್ಟೋಬರ್‌ನಲ್ಲಿ ಇಡೀ ರಾಜ್ಯದಲ್ಲಿ ಏರಿತು. ಮನೆಯ ಬೆಲೆ ಏರಿದರೆ ಮಾರುವವರಿಗೆ ಲಾಭ. ಮಾರದೆ ಅಲ್ಲೇ ಬಾಳಬೇಕು ಅನ್ನುವ ಅವ್ವನಿಗೆ ಏನು ಬಂತು? ಇನ್ನು ಆದಾಯ ತೆರಿಗೆಯಲ್ಲಿ ಬಾಡಿಗೆ ಆದಾಯಕ್ಕೆ ಶೇ 30 ಕಳೆದು ಲೆಕ್ಕ ಹಾಕುತ್ತಾರೆ, ರಿಪೇರಿ ಖರ್ಚಿಗೆ ಅಂತಲೇ. ಒಳ್ಳೆಯದೇ. ಆದರೆ ಅದರ ಉಪಯೋಗ ತೆರಿಗೆ ಕಟ್ಟುವಷ್ಟು ಆದಾಯ ಇರುವವರಿಗೆ. ಅವ್ವನ ಹಂಚಿಗೆ ಅದರಿಂದ ಒಂದು ಪೈಸೆ ಬರುವುದಿಲ್ಲ.

ಈಗ ಹಿಂದಿನ ಎರಡು ಕೋಣೆಯ ಲೆಕ್ಕ.

ಕಾಕಾ ಹುಬ್ಬಳ್ಳಿಯ ಒಂದು ಹತ್ತಿ ಗಿರಣಿಯಲ್ಲಿ ಇದ್ದವರು. ಅದು ಮುಚ್ಚಿದ ಮೇಲೆ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆದರು. ಕಣ್ಣು ಮಂಜಾಗಿ 2023ರಲ್ಲಿ ಅದನ್ನೂ ಬಿಟ್ಟರು. ಗಿರಣಿಯ ಪಿಎಫ್ ಪಿಂಚಣಿ ತಿಂಗಳಿಗೆ 1,340. ಈ ಪಿಂಚಣಿಗೆ 2014ರಲ್ಲಿ ಕನಿಷ್ಠ 1,000 ಅಂತ ಗೊತ್ತು ಮಾಡಿದರು. ಅದು ಅಲ್ಲೇ ನಿಂತಿದೆ. ಕಾಕುಗೆ ಗೃಹಲಕ್ಷ್ಮಿಯ 2,000. ಪುಣೆಯಲ್ಲಿರುವ ಮಗ 5,000 ಕಳಿಸುತ್ತಾನೆ. ಅವನಿಗೂ ಬಾಡಿಗೆ ಮನೆ, ಎರಡು ಮಕ್ಕಳು, ಅವನನ್ನು ದೂರುವುದು ಬೇಡ. ಎಲ್ಲ ಸೇರಿ 8,340. ಅದರಲ್ಲಿ ನಮಗೆ 3,000. ಬಿಪಿ, ಶುಗರ್ ಗುಳಿಗೆಗೆ 1,700.

ಒಂದು ಭಾನುವಾರ ಕಾಕಾ ನನ್ನೆದುರು ಕೂತು ಲೆಕ್ಕ ಹೇಳಿದರು. ಔಷಧಿ ಬಿಲ್ಲಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದರು. 2025ರ ಏಪ್ರಿಲ್‌ನಲ್ಲಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ಇವರಿಗೆ ದಿನಕ್ಕೆ ಅರ್ಧ ಲೀಟರ್, ತಿಂಗಳಿಗೆ 60. ಅದೇ ತಿಂಗಳು ಸಿಲಿಂಡರ್ 50 ಏರಿತು. ಇವರಿಗೆ ಎರಡು ತಿಂಗಳಿಗೊಂದು ಸಿಲಿಂಡರ್, ಹಾಗಾಗಿ ತಿಂಗಳಿಗೆ 25. "ಎಂಬತ್ತೈದಾತು ನೋಡ ಮಗಳ" ಅಂದರು. ಎಂಬತ್ತೈದು ರೂಪಾಯಿ. ನಾವು ಚಿಗರಿ ಬಸ್ಸಿಗೆ, ಚಹಾಕ್ಕೆ ಯೋಚನೆ ಮಾಡದೆ ಕೊಡುವ ದುಡ್ಡು. ಅವರು ಅದನ್ನು ಸರಿದೂಗಿಸಲು ಸಂಜೆಯ ಚಹಾ ಬಿಟ್ಟಿದ್ದರು. ಅದನ್ನು ಅವರು ಹೇಳಲಿಲ್ಲ, ಅವ್ವ ಹೇಳಿದಳು. ಸಂಜೆ ಅವರ ಒಲೆಯ ಸಪ್ಪಳ ಕೇಳದೆ ಅವಳಿಗೆ ಗೊತ್ತಾಗಿತ್ತು. ಈಗ ಅವ್ವ ಏನಾದರೊಂದು ನೆವ ಮಾಡಿ ಸಂಜೆ ಅವರನ್ನು ಪಡಸಾಲೆಗೆ ಕರೆಯುತ್ತಾಳೆ.

ಹೊರಗಿನ ಒತ್ತಡ ಬೇರೆ ಇದೆ. ಧಾರವಾಡ ಮೊದಲು ನಿವೃತ್ತರ ಊರು ಅನ್ನಿಸಿಕೊಂಡಿತ್ತು. ಈಗ ಇದು ಪರೀಕ್ಷೆ ಬರೆಯುವವರ ಊರೂ ಹೌದು. 2008ರಲ್ಲಿ ಹೈಕೋರ್ಟ್ ಪೀಠ ಬಂತು, 2016ರಲ್ಲಿ ಐಐಟಿ ಬಂತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಳ್ಳಾರಿ, ರಾಯಚೂರು, ವಿಜಯಪುರದಿಂದ ಮಕ್ಕಳು ಬಂದು ಸಪ್ತಾಪುರದ ಸುತ್ತ ತುಂಬಿದ್ದಾರೆ. ಬಂದ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಹೊಲ ಅಡ ಇಟ್ಟು ಕಳಿಸಿದವರ ಮಕ್ಕಳು ಅವರು. ಆದರೆ ತಲೆಗಿಷ್ಟು ಅಂತ ಬಾಡಿಗೆ ಲೆಕ್ಕ ಹಾಕುವುದು ಶುರುವಾದ ಮೇಲೆ ಇಬ್ಬರು ಮುದುಕರ ಎರಡು ಕೋಣೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಬ್ಬ ಏಜೆಂಟ್ ಬಂದು ಅವ್ವನಿಗೆ ಹೇಳಿದ್ದ: "ನಾಕ ಹುಡುಗ್ರನ್ನ ಇಡ್ರಿ. ತಲಿಗೆ ಎರಡೂವರಿ ಸಾವಿರ. ತಿಂಗಳಾ ಹತ್ತ ಸಾವಿರ ಎಣಿಸ್ಕೋರಿ." ಅವ್ವ ಕೇಳಿದ್ದು ಒಂದೇ ಮಾತು. "ಇವರು ಎಲ್ಲಿ ಹೋಗಬೇಕ?"

ಅದಕ್ಕೆ ಉತ್ತರ ಕಾಕಾ ಬಳಿ ಇತ್ತು. ಏಜೆಂಟ್ ಬಂದು ಹೋದದ್ದು ಅವರ ಕಿವಿಗೆ ಬಿದ್ದು, ನಮಗೆ ಹೇಳದೆ ಬೇರೆ ಮನೆ ನೋಡಿ ಬಂದಿದ್ದರು. ಐದಾರು ಕಡೆ. ಬಾಡಿಗೆಯ ಮಾತು ಬರುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದರಂತೆ. ವಯಸ್ಸೆಷ್ಟು? ಮಕ್ಕಳು ಎಲ್ಲಿ? ಜೋಡಿ ಯಾರೂ ಇರೂದಿಲ್ಲೇನು? ಏನರ ಆದ್ರ ಯಾರಿಗೆ ಫೋನ್ ಮಾಡಬೇಕು? ಒಬ್ಬರು ನೇರವಾಗಿ, ಮನೆಯಲ್ಲಿ ಸಾವು ಆದರೆ ಆಮೇಲೆ ಯಾರೂ ಬಾಡಿಗೆಗೆ ಬರುವುದಿಲ್ಲ ಅಂದರಂತೆ. ಎಪ್ಪತ್ತು ದಾಟಿದ ಮನುಷ್ಯ ಅದನ್ನು ಕೇಳಿಸಿಕೊಂಡು ನಮಸ್ಕಾರ ಮಾಡಿ ವಾಪಸ್ ಬಂದಿದ್ದಾರೆ. ನನಗೆ ಇದು ಗೊತ್ತಾದದ್ದು ಎರಡು ವರ್ಷ ಆದ ಮೇಲೆ.

ಕಾನೂನು ಏನು ಹೇಳುತ್ತದೆ ಅಂತ ಓದಿ ನೋಡಿದೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಮೂಲ ಕಾಯ್ದೆಯಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಅದು ಅನ್ವಯಿಸುವುದಿಲ್ಲ, ಕೆಲವು ಊರುಗಳಿಗೆ ಈ ಮಿತಿ 2,000. ಆ ಕಾಲಕ್ಕೆ 3,500 ಅಂದರೆ ದೊಡ್ಡ ಮನೆ. ಇವತ್ತು ಆ ದುಡ್ಡಿಗೆ ಏನು ಸಿಗುತ್ತದೆ ಹೇಳಿ. ಹೀಗಾಗಿ ಹೆಚ್ಚಿನವರಿಗೆ ಉಳಿದಿರುವುದು ಹನ್ನೊಂದು ತಿಂಗಳ ಕರಾರು ಪತ್ರ, ಮತ್ತು ಮಾಲಕರ ಮನಸ್ಸು.

ಕರೆಂಟಿನ ವಿಷಯ ಸ್ವಲ್ಪ ಹೇಳಲೇಬೇಕು, ಏಕೆಂದರೆ ಇಲ್ಲಿ ಇಬ್ಬರಿಗೂ ಒಟ್ಟಿಗೇ ಹೊಡೆತ. ತಿಂಗಳಿಗೆ 200 ಯೂನಿಟ್ ಒಳಗಿನ ಮನೆಗಳಿಗೆ ಉಚಿತ ಕರೆಂಟ್ ಕೊಡುವ ಗೃಹಜ್ಯೋತಿ 2023ರಲ್ಲಿ ಬಂದಾಗ ಬಾಡಿಗೆದಾರರಿಗೂ ಸಿಗುತ್ತದೆ ಅಂತ ಕೇಳಿ ನನಗೆ ನಿಜವಾಗಿ ಖುಷಿಯಾಗಿತ್ತು. ಸಿಗುತ್ತದೆ, ಸುಳ್ಳಲ್ಲ. ಆದರೆ ಲೆಕ್ಕ ಮೀಟರಿನ ಮೇಲೆ. ನಮ್ಮ ಮನೆಗೆ ಅಪ್ಪನ ಕಾಲದಿಂದ ಇರುವುದು ಒಂದೇ ಮೀಟರ್. ಮುಂದಿನ ಫ್ರಿಜ್, ಹಿಂದಿನ ಟಿವಿ, ಎರಡೂ ಕಡೆಯ ಫ್ಯಾನ್, ನೀರಿನ ಮೋಟಾರ್, ಎಲ್ಲ ಅದರ ಮೇಲೇ. ಬೇಸಿಗೆಯಲ್ಲಿ 200 ಯೂನಿಟ್ ದಾಟುತ್ತದೆ. ದಾಟಿತು ಅಂದರೆ ಇಡೀ ಬಿಲ್ ಕಟ್ಟಬೇಕು. ಎರಡು ಮೀಟರ್ ಇದ್ದಿದ್ದರೆ ಎರಡೂ ಮನೆ ನೂರು-ನೂರಿಪ್ಪತ್ತರ ಒಳಗೇ ಇರುತ್ತಿದ್ದವು. ಎರಡನೇ ಮೀಟರ್ ತಗೊಳ್ಳಿ ಅಂತ ಸುಮ್ನೆ ಹೇಳಬಹುದು. ಉತಾರ, ಅಂದರೆ ಮನೆಯ ಹಕ್ಕಿನ ಕಾಗದ, ಇನ್ನೂ ಅಪ್ಪನ ಹೆಸರಲ್ಲಿದೆ. ಅದನ್ನು ವಾರಸುದಾರರ ಹೆಸರಿಗೆ ಮಾಡಿಸುವ ವಾರಸಾ ಆಗಿಲ್ಲ. ಅದಕ್ಕೆ ಅಣ್ಣ ಬರಬೇಕು, ಕಾಗದ ಆಗಬೇಕು, ಹೊಸ ವೈರಿಂಗ್ ಆಗಬೇಕು. ಒಂದು ಮೀಟರಿನ ಹಿಂದೆ ಎರಡು ಒಲೆ ಇದ್ದರೆ ಎರಡು ಕುಟುಂಬ ಅಂತ ಹಿಡಿಯುವ ದಾರಿಯೊಂದನ್ನು ಸರ್ಕಾರ ಹುಡುಕಬೇಕು. ರೇಷನ್ ಕಾರ್ಡ್ ನೋಡಿದರೆ ಗೊತ್ತಾಗುವ ವಿಷಯ ಇದು.

ಮನೆಪಟ್ಟಿಯ ಬಗ್ಗೆಯೂ ನನ್ನದೊಂದು ಬೇಡಿಕೆ ಇದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ಬಿಡುತ್ತಾರೆ. ಬೇಗ ಕಟ್ಟಿದವರಿಗೆ ಬಿಡಲು ಬರುತ್ತದೆ ಅಂದ ಮೇಲೆ, ಅರವತ್ತೈದು ದಾಟಿದ ಬಾಡಿಗೆದಾರರನ್ನು ಹೆಚ್ಚು ವರ್ಷ ಇಟ್ಟುಕೊಂಡ ಸಣ್ಣ ಮಾಲಕರಿಗೂ ಬಿಡಲು ಬರಬೇಕು ಅಲ್ವಾ? ಬಿಟ್ಟ ದುಡ್ಡಿಗೆ ಹಿಡಿಕೆ ಹಾಕಿಸಿ, ಪಾವಟಿಗೆ ಸರಿ ಮಾಡಿಸಿ, ಬಿಲ್ ತೋರಿಸಿ ಅನ್ನಲಿ. ಅವ್ವ ಮೊದಲ ದಿನವೇ ಬಿಲ್ ಹಿಡಿದು ನಿಲ್ಲುತ್ತಾಳೆ.

ಇಷ್ಟೆಲ್ಲ ಆಗುವ ತನಕ ಕಾಯಲು ಕಾಕುಗೆ ಆಗುವುದಿಲ್ಲ. ಹಾಗಾಗಿ ಆ ಭಾನುವಾರ ನಾವು ನಾಲ್ವರೂ ಪಡಸಾಲೆಯಲ್ಲಿ ಕೂತೆವು. ಅವ್ವನ ನೋಟ್‌ಬುಕ್ಕನ್ನು ನಾನು ಕಾಕಾ ಮುಂದೆ ಇಟ್ಟೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ಅದನ್ನು ನೋಡಿದ್ದು. ಕನ್ನಡಕ ಒರೆಸಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಲೆಕ್ಕ ಬರೆದ ಮನುಷ್ಯ ಅಲ್ವಾ, ಪುಟ ತಿರುವುವ ರೀತಿಯೇ ಬೇರೆ. ಬಹಳ ಹೊತ್ತಿನ ಮೇಲೆ ತಲೆ ಎತ್ತಿದರು.

"ಮೊದ್ಲ ಹೇಳಬೇಕಿತ್ತಲ್ಲವಾ ಮಗಳ. ವರ್ಷಾ ನೂರು ಏರಿಸಿದ್ರ ನಾ ಹ್ಯಾಂಗರ ಹೊಂದಿಸ್ತಿದ್ದೆ. ಈಗ ಒಮ್ಮೆಲೇ ಸಾವಿರ ಅಂದ್ರ ಎಲ್ಲಿಂದ ತರ್ಲಿ?"

ಆಮೇಲೆ ಅವರೇ ಪೆನ್ಸಿಲ್ ತಗೊಂಡು ಕೂಡಿಸಿದರು. ವರ್ಷಕ್ಕೆ ನೂರರಂತೆ ಏರಿಸುತ್ತಾ ಬಂದಿದ್ದರೆ ಏಳು ವರ್ಷಕ್ಕೆ 33,600 ರೂಪಾಯಿ ಜಾಸ್ತಿ ಬರುತ್ತಿತ್ತು. ಗೌಂಡಿ ಪಾವಟಿಗೆ ಕಿತ್ತು ಹೊಸದು ಹಾಕಲು ಹೇಳಿದ್ದು 6,000. ಒಳಗೇ ಒಂದು ಪಾಯಖಾನೆ ಕಟ್ಟಿ ಕಮೋಡ್ ಕೂಡಿಸಲು 65,000. ಪಾವಟಿಗೆ ಎಂದೋ ಆಗುತ್ತಿತ್ತು, ಪಾಯಖಾನೆಗೂ ಅರ್ಧದ ಹತ್ತಿರ ದುಡ್ಡು ಇರುತ್ತಿತ್ತು. ಕಾಕಾ ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದು ಪೆನ್ಸಿಲ್ ಕೆಳಗಿಟ್ಟರು. ಯಾರೂ ಮಾತಾಡಲಿಲ್ಲ. ಕಾಕು ಪ್ಲಾಸ್ಟರ್ ಬಿಚ್ಚಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು.

ಆ ದಿನ ತೀರ್ಮಾನ ಆದದ್ದು ಇಷ್ಟು. ಬಾಡಿಗೆ ಈಗ 3,300. ಮುಂದೆ ಪ್ರತಿ ಯುಗಾದಿಗೆ ನೂರು. ಪಾಯಖಾನೆಗೆ ಅವ್ವ ತನ್ನ ಠೇವಣಿಯಿಂದ 40,000 ತೆಗೆಯುತ್ತಾಳೆ, ಉಳಿದದ್ದು ನನ್ನದು. ನೋಟ್‌ಬುಕ್ ವರ್ಷಕ್ಕೊಮ್ಮೆ ಕಾಕಾ ಮುಂದೆ ಬರುತ್ತದೆ. ಕಾಕಾ ತಮ್ಮ ಡಿಪಾಜಿಟ್ಟಿನ 10,000 ಇದಕ್ಕೇ ಹಾಕಿರಿ ಅಂದರು. ಅವ್ವ ಒಪ್ಪಲಿಲ್ಲ. "ಅದು ಇರ್ಲಿ. ರಾತ್ರೋರಾತ್ರಿ ದವಾಖಾನಿಗೆ ಹೋಗಬೇಕಂದ್ರ ಬೇಕಾಗ್ತದ."

ಸಿಮೆಂಟಿನ ಜಿಎಸ್‌ಟಿ ಸೆಪ್ಟೆಂಬರ್ 2025ರಲ್ಲಿ 28ರಿಂದ 18ಕ್ಕೆ ಇಳಿದದ್ದು ಸ್ವಲ್ಪ ಅನುಕೂಲ ಆಯಿತು. ಇಟ್ಟಿಗೆ, ಉಸುಕು ಬಂದು ಹಿತ್ತಲಲ್ಲಿ ಬಿದ್ದಿವೆ. ಒಂದು ಓಣಿಯಲ್ಲಿ ನಿಮ್ಮದೂ ಇಂಥ ಮನೆ ಇದ್ದರೆ, ನೀವು ಮಾಲಕರಾಗಿರಿ, ಬಾಡಿಗೆದಾರರಾಗಿರಿ, ಇವತ್ತು ರಾತ್ರಿ ಬ್ಯಾಟರಿ ಹಿಡಿದು ಒಮ್ಮೆ ಆ ದಾರಿ ನಡೆದು ನೋಡಿ. ವಾರಸಾ ಆಗದ ಮನೆಗೆ ಎರಡನೇ ಮೀಟರ್ ಹಾಕಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಗೆ ಅಂತ ಕೆಳಗೆ ಬರೆಯಿರಿ, ನನ್ನಂಥವರು ಬಹಳ ಜನ ಇದ್ದಾರೆ.

ಗೌಂಡಿ ಸೋಮವಾರ ಬರುತ್ತಾನೆ. ಗೋಡೆ ಎಲ್ಲಿ, ಬಾಗಿಲು ಎಷ್ಟು ಅಗಲ ಅಂತ ನಿನ್ನೆ ಎಲ್ಲರನ್ನೂ ಕೇಳಿ ಗುರುತು ಹಾಕಿಕೊಂಡು ಹೋದ. ಕಾಕು ಹೇಳಿದ್ದು ಒಂದೇ. ಹಿಡಿಕೆ ಎಡಕ್ಕಿರಲಿ, ಬಲಗೈ ಇನ್ನೂ ಬಿಗಿ ಹಿಡಿಯಲು ಬರುತ್ತಿಲ್ಲ.