ಊಟದ ಮಾನಸಿಕ ಕಾಯಿಲೆ ಗುರುತಿಸುವ ಐದು ಪ್ರಶ್ನೆಗಳನ್ನು ಕನ್ನಡಕ್ಕೆ ತಂದರೆ ಸಾಕೇ?

ಪರ: ಸಾಕು, ಕೇಳಲು ಶುರು ಮಾಡೋಣ

ಮುಟ್ಟು ನಿಂತಿದೆ ಎಂದು ಮಗಳನ್ನು ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹೊಟ್ಟೆ ಉಬ್ಬರ ಎಂದು ಇನ್ನೊಬ್ಬ ಡಾಕ್ಟರ ಹತ್ತಿರ. ಸ್ಕ್ಯಾನ್, ಥೈರಾಯ್ಡ್ ಟೆಸ್ಟ್ ಎಲ್ಲ ಮುಗಿಯುತ್ತದೆ. ಊಟದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಊಟ ಬಿಡುತ್ತಾ ಬಿಡುತ್ತಾ ತೂಕ ಅಪಾಯಕ್ಕೆ ಇಳಿಯುವ ಕಾಯಿಲೆಗೆ ಅನೊರೆಕ್ಸಿಯಾ ಅನ್ನುತ್ತಾರೆ. ಅದು ಸುಮ್ನೆ ಡಯಟ್ ಹುಚ್ಚಲ್ಲ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವಂಥವುಗಳಲ್ಲಿ ಅದೂ ಒಂದು.

ಕೇಳುವುದಕ್ಕೆ ಸ್ಕಾಫ್ ಎಂಬ ಪುಟ್ಟ ಪ್ರಶ್ನಾವಳಿ ಇದೆ. 1999ರಲ್ಲಿ ಲಂಡನ್‌ನ ಮಾರ್ಗನ್, ರೀಡ್ ಮತ್ತು ಲೇಸಿ ಎಂಬ ಸಂಶೋಧಕರು ಪ್ರಕಟಿಸಿದ ಐದೇ ಪ್ರಶ್ನೆ. ಹೊಟ್ಟೆ ಬಿರಿಯುತ್ತಿದೆ ಅನಿಸಿ ಬೇಕೆಂದೇ ವಾಂತಿ ಮಾಡಿಕೊಳ್ಳುತ್ತೀರಾ? ಎಷ್ಟು ತಿನ್ನುತ್ತೇನೆ ಎಂಬ ಹಿಡಿತ ತಪ್ಪಿದೆ ಎಂಬ ಚಿಂತೆ ಇದೆಯಾ? ಮೂರು ತಿಂಗಳಲ್ಲಿ ಆರು ಕಿಲೋಗಿಂತ ಜಾಸ್ತಿ ಇಳಿದಿದ್ದೀರಾ? ಬೇರೆಯವರು ಸಣಕಲು ಅಂದರೂ ನೀವು ದಪ್ಪ ಎಂದೇ ನಂಬುತ್ತೀರಾ? ಊಟವೇ ನಿಮ್ಮ ಬದುಕನ್ನು ಆಳುತ್ತಿದೆಯಾ? ಒಂದು ಹೌದಿಗೆ ಒಂದು ಅಂಕ. ಎರಡಕ್ಕೆ ಹೌದು ಅಂದರೆ ಮುಂದಿನ ತಪಾಸಣೆ, ಅಷ್ಟೇ. ಇದು ರೋಗನಿರ್ಣಯ ಅಲ್ಲವೇ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಕೂಡ ಎರಡು ನಿಮಿಷದಲ್ಲಿ ಕೇಳಬಹುದು.

ನಮ್ಮ ಉಪವಾಸಗಳಿಂದ ಲೆಕ್ಕ ತಪ್ಪುತ್ತದೆ ಅನ್ನುತ್ತಾರೆ. ಸ್ಕಾಫ್‌ನಲ್ಲಿ ಉಪವಾಸದ ಪ್ರಶ್ನೆಯೇ ಇಲ್ಲವಲ್ಲ! ಸ್ಪ್ಯಾನಿಶ್, ಫ್ರೆಂಚ್, ಫಿನ್ನಿಶ್ ಭಾಷೆಗಳಿಗೆ ಇದನ್ನು ತಂದು ಪರೀಕ್ಷಿಸಿದ್ದಾರೆ. ಹೊಸದನ್ನು ಬುಡದಿಂದ ಕಟ್ಟಲು ವರ್ಷಗಳೇ ಬೇಕು. ಅಷ್ಟು ದಿನ ಕಾಯಲು ಆಗದ ಹುಡುಗಿಯರಿದ್ದಾರೆ.

ವಿರೋಧ: ಅಂಕವನ್ನೂ ಎರವಲು ತರಬೇಡಿ

ಪ್ರಶ್ನೆ ತರುವುದಕ್ಕೆ ನನ್ನ ತಕರಾರಿಲ್ಲ. ‘ಎರಡು ಹೌದು’ ಎಂಬ ಗೆರೆಯನ್ನೂ ಹಾಗೇ ತರುವುದು ತಪ್ಪು.

ಆ ಗೆರೆ ಎಲ್ಲಿಂದ ಬಂತು ನೋಡಿ. ಊಟದ ಕಾಯಿಲೆ ಖಚಿತವಾಗಿದ್ದ 116 ಹೆಂಗಸರು ಒಂದು ಕಡೆ, ಕಾಯಿಲೆ ಇಲ್ಲದ 96 ಮಂದಿ ಇನ್ನೊಂದು ಕಡೆ. ಸ್ಕಾಫ್ ಆ 116 ಮಂದಿಯಲ್ಲಿ ಒಬ್ಬರನ್ನೂ ಬಿಡಲಿಲ್ಲ. ಕಾಯಿಲೆ ಇಲ್ಲದವರಲ್ಲಿ 12.5 ಶೇಕಡಾ ಮಂದಿಯನ್ನು ಸುಮ್ಮನೆ ಹಿಡಿಯಿತು. ಈಗ ಸಾವಿರ ವಿದ್ಯಾರ್ಥಿನಿಯರಿರುವ ಕಾಲೇಜಿಗೆ ಬನ್ನಿ. 20 ಮಂದಿಗೆ ಕಾಯಿಲೆ ಇದೆ ಅಂತಿಟ್ಟುಕೊಳ್ಳಿ. ಅವರಷ್ಟೂ ಸಿಕ್ಕಿದರೂ ಜೊತೆಗೆ ಇನ್ನೂ ಸುಮಾರು 122 ಮಂದಿ ಬರುತ್ತಾರೆ. ಇವರನ್ನೆಲ್ಲ ಕೂರಿಸಿ ಮಾತಾಡಿಸಲು ಮನೋವೈದ್ಯರು ಎಲ್ಲಿದ್ದಾರೆ?

ಇನ್ನು ಐದನೇ ಪ್ರಶ್ನೆ. ಬೆಳಗ್ಗೆ ಐದಕ್ಕೆ ಎದ್ದು ಮನೆಮಂದಿಗೆಲ್ಲ ರೊಟ್ಟಿ ತಟ್ಟಿ, ಡಬ್ಬಿ ಕಟ್ಟಿ, ಆಮೇಲೆ ಕಾಲೇಜಿಗೆ ಓಡುವ ಹುಡುಗಿಗೆ ‘ಊಟವೇ ಬದುಕನ್ನು ಆಳುತ್ತಿದೆಯಾ’ ಅಂತ ಕೇಳಿದರೆ ಏನನ್ನುತ್ತಾಳೆ? ಹೌದು ಅನ್ನುತ್ತಾಳೆ. ಅದರಲ್ಲಿ ಕಾಯಿಲೆ ಎಲ್ಲಿದೆ? ಮೂರನೆಯದರ ಗತಿಯೂ ಅಷ್ಟೇ. 60 ಕಿಲೋ ಇರುವವಳಿಗೆ ಆರು ಕಿಲೋ ಅಂದರೆ ಹತ್ತನೇ ಒಂದು ಭಾಗ. ನಮ್ಮ 42 ಕಿಲೋ ಹುಡುಗಿಗೆ ಏಳನೇ ಒಂದು ಭಾಗ. ಅಷ್ಟು ಇಳಿಯುವ ತನಕ ಪ್ರಶ್ನೆ ಸುಮ್ಮನಿರುತ್ತದೆ.

ಉಪವಾಸದ ಪ್ರಶ್ನೆ ಇಲ್ಲ ಎಂಬುದೇ ನನಗೆ ಹೆಚ್ಚು ಚಿಂತೆ. ಈಟ್ ಎಂಬ ಇನ್ನೊಂದು ಪ್ರಶ್ನಾವಳಿಯನ್ನು ಕಿಂಗ್ ಮತ್ತು ಭುಗ್ರಾ ಎಂಬ ಸಂಶೋಧಕರು ಹಿಂದಿಯಲ್ಲಿ ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಕೊಟ್ಟು 1989ರಲ್ಲಿ ಬರೆದರು. ಅಂಕ ಏರಲು ವ್ರತ, ಉಪವಾಸವೂ ಕಾರಣವಾಗಿತ್ತು. ಸ್ಕಾಫ್‌ನಲ್ಲಿ ಅದು ಉಲ್ಟಾ ಆಗಬಹುದು. ಸೋಮವಾರ, ಶನಿವಾರ, ಸಂಕಷ್ಟಿ, ಏಕಾದಶಿ ಎಂದು ಊಟ ಬಿಡುತ್ತಾ ಹೋಗುವವಳಿಗೆ ಮನೆಯವರು ದೈವಭಕ್ತಿ ಜಾಸ್ತಿ ಅನ್ನುತ್ತಾರೆ. ಐದರಲ್ಲಿ ಒಂದು ಪ್ರಶ್ನೆಯೂ ಅವಳನ್ನು ಮುಟ್ಟದೇ ಹೋಗಬಹುದು. ‘ನಾನು ದಪ್ಪ’ ಎಂಬ ಭಯವೂ ಎಲ್ಲ ಕಡೆ ಇರುವುದಿಲ್ಲ. 1993ರಲ್ಲಿ ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ ಅವರ ತಂಡ ವರದಿ ಮಾಡಿದ ಅನೊರೆಕ್ಸಿಯಾ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಭಯವೇ ಇರಲಿಲ್ಲ. ಹೊಟ್ಟೆ ಭಾರ, ಹಸಿವಿಲ್ಲ ಅನ್ನುತ್ತಿದ್ದರು. ಇಲ್ಲೂ ಎಷ್ಟು ಮನೆಗಳಲ್ಲಿ ಕೇಳಿದ ಮಾತು, ಅಲ್ವಾ?

ಹಾಗಾಗಿ ಅನುವಾದವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿ, ನೂರಾರು ವಿದ್ಯಾರ್ಥಿನಿಯರಿಂದ ತುಂಬಿಸಿ, ಆಲ್ಫಾ ಎಂಬ ಲೆಕ್ಕದ ಅಳತೆ ಚೆನ್ನಾಗಿದೆ ಎಂದು ‘ಪ್ರಮಾಣೀಕರಿಸಲಾಗಿದೆ’ ಅಂತ ಬರೆದರೆ ನಾನು ಒಪ್ಪುವುದಿಲ್ಲ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ ಆಲ್ಫಾ ಹೇಳುತ್ತದೆ. ಕಾಯಿಲೆ ನಿಜವಾಗಿ ಇದೆಯಾ ಎಂದು ತಿಳಿಯಲು, ಯಾರಿಗೆ ಎಷ್ಟು ಅಂಕ ಬಂದಿದೆ ಎಂದು ಗೊತ್ತಿಲ್ಲದ ವೈದ್ಯರು ಸಂದರ್ಶನ ಮಾಡಬೇಕು. ಅಂಕ ಹೆಚ್ಚು ಬಂದವರನ್ನಷ್ಟೇ ಕರೆದರೆ, ತಪ್ಪಿಸಿಕೊಂಡವರು ಎಷ್ಟು ಎಂಬುದು ಗೊತ್ತಾಗುವುದೇ ಇಲ್ಲ. ಸೊನ್ನೆ ಬಂದವರಲ್ಲೂ ಒಂದಷ್ಟು ಮಂದಿಯನ್ನು ಚೀಟಿ ಎತ್ತಿ ಕರೆಯಿರಿ. ಬೇರೆ ಕೋಣೆಯಲ್ಲಿ, ಅಮ್ಮನನ್ನು ಹೊರಗೆ ಕೂರಿಸಿ.