ಸೆಲ್ ಎಸೆಯುವ ಮೊದಲು ಸ್ಲಾಟ್ ಬದಲಿಸಿ ನೋಡಿ

ನಾಲ್ಕು ಸ್ಲಾಟಿನ, ಡಿಸ್‌ಪ್ಲೇ ಇರುವ, ಕರೆಂಟನ್ನು ನಾವೇ ಆರಿಸಿಕೊಳ್ಳಬಹುದಾದ ಬ್ಯಾಟರಿ ಚಾರ್ಜರ್ ಕೊಂಡವರಿಂದ ನಾನು ಪದೇ ಪದೇ ಕೇಳುವ ದೂರುಗಳು ಮೂರು ನಾಲ್ಕೇ. ಒಂದು ಸ್ಲಾಟ್ ಕೆಲಸ ಮಾಡ್ತಿಲ್ಲ. ಸೆಲ್ ಹಾಕಿದರೂ ಸ್ಲಾಟ್ ಖಾಲಿ ಅಂತಲೇ ತೋರಿಸುತ್ತೆ. ಹತ್ತೇ ನಿಮಿಷಕ್ಕೆ ಫುಲ್ ಅನ್ನುತ್ತೆ, ಟಾರ್ಚಿಗೆ ಹಾಕಿದರೆ ಬೆಳಕೇ ಇಲ್ಲ. ರಿಫ್ರೆಶ್‌ಗೆ (ಸೆಲ್ಲನ್ನು ತುಂಬಿ, ಖಾಲಿ ಮಾಡಿ, ಮತ್ತೆ ತುಂಬುವ ಮೋಡ್) ಹಾಕಿ ಎರಡು ದಿನ ಆಯ್ತು, ಇನ್ನೂ ಓಡ್ತಾನೇ ಇದೆ. ಇಷ್ಟಾದ ಮೇಲೆ ಚಾರ್ಜರ್ ಮೂಲೆ ಸೇರುತ್ತದೆ, ಸೆಲ್‌ಗಳು ಕಸದ ಬುಟ್ಟಿ ಸೇರುತ್ತವೆ. ಇನ್ನೂ ವರ್ಷಗಟ್ಟಲೆ ದುಡಿಯಬಹುದಾದ ಸೆಲ್‌ಗಳು ಹೀಗೆ ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಂಥ ಚಾರ್ಜರನ್ನು ಅಳತೆಯ ಉಪಕರಣ ಎಂದು ತಿಳಿದು ಬಳಸಬೇಕು ಅನ್ನುವುದು ನನ್ನ ಅಭಿಪ್ರಾಯ. ಅದು ತೋರಿಸುವ ಪ್ರತಿ ಅಂಕಿಯಲ್ಲೂ ಸೆಲ್ಲಿನ ಸ್ಥಿತಿ, ಸ್ಲಾಟಿನ ಪಿನ್ನು ತಾಗಿರುವ ರೀತಿ, ನಾವು ಆರಿಸಿದ ಕರೆಂಟು ಈ ಮೂರೂ ಬೆರೆತಿರುತ್ತವೆ. ಯಾವುದರಲ್ಲಿ ಎಡವಟ್ಟಾಗಿದೆ ಎಂದು ಬಿಡಿಸಿ ನೋಡದೆ ಸೆಲ್ ಸತ್ತಿದೆ ಅನ್ನುವ ತೀರ್ಮಾನಕ್ಕೆ ಬರಬಾರದು.

ಬಿಡಿಸಿ ನೋಡುವ ದಾರಿ ಚಾರ್ಜರಿನಲ್ಲೇ ಇದೆ. ಒಳ್ಳೆಯ ಚಾರ್ಜರಿನಲ್ಲಿ ನಾಲ್ಕೂ ಸ್ಲಾಟುಗಳು ಒಂದರ ಹಂಗಿಲ್ಲದೆ ಇನ್ನೊಂದು ಕೆಲಸ ಮಾಡುತ್ತವೆ. ತೊಂದರೆ ಕೊಟ್ಟ ಸೆಲ್ಲನ್ನು ಪಕ್ಕದ ಸ್ಲಾಟಿಗೆ ಹಾಕಿ, ಚೆನ್ನಾಗಿರುವ ಸೆಲ್ಲನ್ನು ತೊಂದರೆಯ ಸ್ಲಾಟಿಗೆ ಹಾಕಿ. ತೊಂದರೆ ಸೆಲ್ಲಿನ ಜೊತೆಗೇ ಹೋದರೆ ದೋಷ ಸೆಲ್ಲಿನದು. ಸ್ಲಾಟಿನಲ್ಲೇ ಉಳಿದರೆ ಸ್ಲಾಟಿನದು. ಮಲ್ಟಿಮೀಟರ್ ಬೇಡ, ಸ್ಕ್ರೂಡ್ರೈವರ್ ಬೇಡ. ಆದರೂ ಇದನ್ನು ಮಾಡಿ ನೋಡುವವರು ಕಡಿಮೆ.

ದೋಷ ಸ್ಲಾಟಿನದು ಅಂತಾದರೂ ಬಹಳ ಸಲ ಒಳಗಿನ ಸರ್ಕ್ಯೂಟಿಗೆ ಏನೂ ಆಗಿರುವುದಿಲ್ಲ. ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಹೊಳೆಯಬೇಕಾದ ಲೋಹದ ಮೇಲೆ ಮಾಸಲು ಪೊರೆಯೊಂದು ಕೂತಿರುತ್ತದೆ. ಸೆಲ್ಲಿನ ಮೈನಸ್ ತುದಿಯಲ್ಲೂ ಅದೇ ಕತೆ. ಬೆರಳಿನ ಜಿಡ್ಡು, ಧೂಳು, ಹಿಂದೆಂದೋ ಸೋರಿದ ಸೆಲ್ಲಿನ ಬಿಳಿ ಪುಡಿ. ಪ್ಲಗ್ ತೆಗೆದು, ಹತ್ತಿ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ, ಪೂರ್ತಿ ಆರಿದ ಮೇಲೆ ಸೆಲ್ ಹಾಕಿ ಎರಡು ಸಲ ತಿರುಗಿಸಿ. ತುಂಬಾ ಸ್ಲಾಟುಗಳು ಇಷ್ಟಕ್ಕೇ ಸರಿಹೋಗುತ್ತವೆ. ಸಣ್ಣ ಎಎಎ ಸೆಲ್‌ಗಳು ಓರೆಯಾಗಿ ಕೂತು ಪಿನ್ನಿಗೆ ಅರ್ಧಂಬರ್ಧ ತಾಗುವುದೂ ಇದೆ, ಅದನ್ನೂ ಗಮನಿಸಿ.

ಹತ್ತೇ ನಿಮಿಷಕ್ಕೆ ಫುಲ್ ಎನ್ನುವ ದೂರಿನ ಗುಟ್ಟು ಒಂದು ಸಣ್ಣ ಲೆಕ್ಕದಲ್ಲಿದೆ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ (ರೀಚಾರ್ಜ್ ಮಾಡುವ ಮಾಮೂಲಿ ಎಎ, ಎಎಎ ಸೆಲ್) ವೋಲ್ಟೇಜ್ ಸುಮಾರು 1.2. ಚಾರ್ಜ್ ತುಂಬುವ ಹೊತ್ತಿಗೆ ಅದು 1.45ರಿಂದ 1.5ರ ಹತ್ತಿರ ಬರುತ್ತದೆ. ಒಳ್ಳೆಯ ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 0.03 ಓಮ್ ಅಂದುಕೊಳ್ಳಿ. 1000 ಮಿಲಿಆಂಪ್ ಹರಿಸಿದರೆ ಅದರಿಂದ ಸೇರುವ ವೋಲ್ಟೇಜ್ ಬರೀ 0.03. ಹಳೆಯದಾಗಿ ಬಸವಳಿದ ಸೆಲ್ಲಿನಲ್ಲಿ ರೆಸಿಸ್ಟೆನ್ಸ್ 0.3 ಓಮ್‌ಗೆ ಏರಿರಬಹುದು. ಅದೇ ಕರೆಂಟಿಗೆ ಈಗ 0.3 ವೋಲ್ಟ್ ಸೇರುತ್ತದೆ. ಸೆಲ್ ಇನ್ನೂ ಖಾಲಿಯಿರುವಾಗಲೇ ಚಾರ್ಜರಿನ ಕಣ್ಣಿಗೆ 1.5 ಬೀಳುತ್ತದೆ, ವೋಲ್ಟೇಜ್ ನೋಡಿ ನಿಲ್ಲುವ ಚಾರ್ಜರ್ ಆದರೆ ತುಂಬಿತು ಅಂತ ನಿಲ್ಲಿಸಿಬಿಡುತ್ತದೆ. ಪಿನ್ನಿನ ಮೇಲಿನ ಕೊಳೆಯೂ ಇದೇ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ಮೊದಲು ಒರೆಸಿ ಅಂದದ್ದು. ಕೆಲವು ಚಾರ್ಜರುಗಳು ರೆಸಿಸ್ಟೆನ್ಸನ್ನೇ ಅಂಕಿಯಲ್ಲಿ ತೋರಿಸುತ್ತವೆ. ಸೆಲ್ ತೆಗೆದು ಮತ್ತೆ ಹಾಕಿದರೆ ಆ ಅಂಕಿ ಬದಲಾಗುತ್ತದೆ, ಹಾಗಾಗಿ ಒಂದೇ ಸಲ ನೋಡಿ ನಂಬಬೇಡಿ. ಹತ್ತಾರು ಸಲ ಹಾಕಿದರೂ ಜೊತೆಗಾರ ಸೆಲ್‌ಗಳಿಗಿಂತ ಹಲವು ಪಟ್ಟು ಹೆಚ್ಚು ಬಂದರೆ ಆ ಸೆಲ್ಲಿಗೆ ವಯಸ್ಸಾಗಿದೆ ಅಂತಲೇ ಅರ್ಥ.

ಈಗ ಕರೆಂಟಿನ ವಿಷಯಕ್ಕೆ ಬರುತ್ತೇನೆ. ನಿಧಾನಕ್ಕೆ ಚಾರ್ಜ್ ಮಾಡಿದಷ್ಟೂ ಸೆಲ್ಲಿಗೆ ಒಳ್ಳೆಯದು ಎನ್ನುವ ನಂಬಿಕೆ ಬಲವಾಗಿ ಬೇರೂರಿದೆ. ಈ ಬಗೆಯ ಚಾರ್ಜರಿನ ಮಟ್ಟಿಗೆ ಆ ನಂಬಿಕೆಯೇ ಸೆಲ್‌ಗಳನ್ನು ಕೊಲ್ಲುತ್ತಿದೆ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಸೆಲ್ ತುಂಬಿದ್ದು ಬಹಳಷ್ಟು ಚಾರ್ಜರುಗಳಿಗೆ ಗೊತ್ತಾಗುವುದು ಹೇಗೆ? ತುಂಬಿದ ಮೇಲೂ ಒಳಗೆ ಹೋಗುವ ಕರೆಂಟು ಶಾಖವಾಗುತ್ತದೆ. ಸೆಲ್ ಬಿಸಿಯಾಗುತ್ತದೆ, ಅಲ್ಲಿಯವರೆಗೆ ಏರುತ್ತಿದ್ದ ವೋಲ್ಟೇಜ್ ಒಂದು ಕೂದಲೆಳೆಯಷ್ಟು ಇಳಿಯುತ್ತದೆ. ಹಳೆಯ ನಿಕಲ್ ಕ್ಯಾಡ್ಮಿಯಂ ಸೆಲ್‌ಗಳಲ್ಲಿ ಈ ಇಳಿತ ಎದ್ದು ಕಾಣುತ್ತಿತ್ತು. ಮೆಟಲ್ ಹೈಡ್ರೈಡ್‌ನಲ್ಲಿ ಅದು 5ರಿಂದ 10 ಮಿಲಿವೋಲ್ಟ್ ಅಷ್ಟೇ. ಕರೆಂಟು ತೀರಾ ಕಡಿಮೆಯಿದ್ದರೆ ಆ ಇಳಿತವೂ ಕಾಣಿಸುವುದಿಲ್ಲ. ಚಾರ್ಜರ್ ಕಾಯುತ್ತಲೇ ಇರುತ್ತದೆ, ತುಂಬಿದ ಸೆಲ್ಲಿಗೆ ಗಂಟೆಗಟ್ಟಲೆ ಕರೆಂಟು ಹರಿಯುತ್ತಲೇ ಇರುತ್ತದೆ. 400 ಮಿಲಿಆಂಪ್‌ನಲ್ಲಿ ರಾತ್ರಿಯಿಡೀ ಇಟ್ಟ 2000 ಎಂಎಎಚ್ ಸಾಮರ್ಥ್ಯದ ಸೆಲ್ ಬೆಳಿಗ್ಗೆ ಮುಟ್ಟಿದಾಗ ಬೆಚ್ಚಗಿದ್ದು, ಡಿಸ್‌ಪ್ಲೇಯಲ್ಲಿ 3000, 3500 ಅಂತೆಲ್ಲ ಕಂಡರೆ ಆಗಿರುವುದು ಇದೇ.

ಹಾಗಾದರೆ ಎಷ್ಟಿಡಬೇಕು? ಸೆಲ್ಲಿನ ಎಂಎಎಚ್ ಅಂಕಿಯ ಅರ್ಧದಿಂದ ಹಿಡಿದು ಪೂರ್ತಿಯವರೆಗೆ. 2000ದ ಎಎ ಸೆಲ್ಲಿಗೆ 1000 ಮಿಲಿಆಂಪ್, 800ರ ಎಎಎ ಸೆಲ್ಲಿಗೆ 400. ಆ ಅಂಕಿಯ ಹತ್ತನೇ ಒಂದು ಭಾಗದಲ್ಲಿ 16 ಗಂಟೆ ಚಾರ್ಜ್ ಮಾಡುವ ಪದ್ಧತಿಯೂ ಇದೆ. ಅದು ಗಡಿಯಾರ ನೋಡಿ ನಿಲ್ಲಿಸುವ ಪದ್ಧತಿ, ಬಹುಕಾಲ ಸುಮ್ಮನಿದ್ದ ಸೆಲ್‌ಗಳನ್ನು ಎಬ್ಬಿಸಲು ಒಳ್ಳೆಯದು. ಎರಡರ ನಡುವಿನ ನಿಧಾನಗತಿಯೇ ಅಪಾಯದ ಜಾಗ. ಕೆಲವು ಚಾರ್ಜರುಗಳು ವೋಲ್ಟೇಜ್ ಇಂತಿಷ್ಟು ಮುಟ್ಟಿದರೆ ನಿಲ್ಲುವ ಏರ್ಪಾಡು ಇಟ್ಟುಕೊಂಡಿರುತ್ತವೆ, ಅವುಗಳಲ್ಲಿ ಈ ಭಯ ಕಡಿಮೆ.

ಇಲ್ಲಿ ತಯಾರಕರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಸೆಲ್ ಹಾಕಿದ ಕೆಲವೇ ಸೆಕೆಂಡುಗಳೊಳಗೆ ಬಟನ್ ಒತ್ತದಿದ್ದರೆ ಎಷ್ಟೋ ಚಾರ್ಜರುಗಳು ತಮ್ಮಷ್ಟಕ್ಕೆ ಅತಿ ಕಡಿಮೆ ಕರೆಂಟಿನಲ್ಲಿ ಶುರುಮಾಡುತ್ತವೆ. ಕೈಪಿಡಿಯಲ್ಲಿ ಯಾವ ಬಟನ್ ಎಷ್ಟು ಹೊತ್ತು ಒತ್ತಬೇಕು ಅಂತ ಇರುತ್ತದೆ, ಯಾವ ಸೆಲ್ಲಿಗೆ ಎಷ್ಟು ಕರೆಂಟು, ಯಾಕೆ ಅಂತ ಇರುವುದಿಲ್ಲ. ದುಡ್ಡು ಕೊಟ್ಟು ಕೊಂಡವರಿಗೆ ಎರಡು ಸಾಲಿನ ವಿವರಣೆಯ ಹಕ್ಕಿಲ್ಲವೇ?

ರಿಫ್ರೆಶ್ ಮುಗಿಯುವುದೇ ಇಲ್ಲ ಎನ್ನುವುದಕ್ಕೂ ಈ ಡೀಫಾಲ್ಟ್ ಕರೆಂಟೇ ಕಾರಣ. ಆ ಮೋಡ್‌ನಲ್ಲಿ ಚಾರ್ಜರ್ ಸೆಲ್ಲನ್ನು ತುಂಬಿ, ಖಾಲಿ ಮಾಡಿ, ಮತ್ತೆ ತುಂಬುತ್ತದೆ. ಸಾಮರ್ಥ್ಯ ಇನ್ನು ಹೆಚ್ಚುತ್ತಿಲ್ಲ ಅನ್ನುವ ತನಕ ಇದನ್ನೇ ಮಾಡುವ ಮಾದರಿಗಳೂ ಇವೆ. ಖಾಲಿ ಮಾಡುವ ಕರೆಂಟು ಸಾಮಾನ್ಯವಾಗಿ ತುಂಬುವುದರ ಅರ್ಧ. 2000ದ ಸೆಲ್ಲನ್ನು 200 ಮಿಲಿಆಂಪಿನಲ್ಲಿ ತುಂಬಿಸಲು 11, 12 ಗಂಟೆ, 100ರಲ್ಲಿ ಖಾಲಿ ಮಾಡಲು 20 ಗಂಟೆ. ಒಂದು ಸುತ್ತಿಗೇ 30 ಗಂಟೆ ದಾಟಿತು. ಮೂರು ಸುತ್ತು ಹೋದರೆ ನಾಲ್ಕು ದಿನ. ಚಾರ್ಜರ್ ಕೆಟ್ಟಿಲ್ಲ, ಹೇಳಿದ ಕೆಲಸವನ್ನೇ ಮಾಡುತ್ತಿದೆ. 1000 ಮತ್ತು 500ಕ್ಕೆ ಇಟ್ಟರೆ ಅದೇ ಸುತ್ತು ಆರೇಳು ಗಂಟೆಯಲ್ಲಿ ಮುಗಿಯುತ್ತದೆ.

ಸಾಮರ್ಥ್ಯದ ಅಂಕಿ ಓದುವಾಗಲೂ ಎಚ್ಚರ ಬೇಕು. ಚಾರ್ಜ್ ಆಗುವಾಗ ಕಾಣುವ ಎಂಎಎಚ್ ನಾವು ಒಳಗೆ ಹಾಕಿದ್ದು. ಅದರಲ್ಲಿ ಒಂದಷ್ಟು ಶಾಖವಾಗಿ ಹೋಗಿರುತ್ತದೆ. ಸೆಲ್ ವಾಪಸ್ ಕೊಟ್ಟದ್ದೆಷ್ಟು ಅಂತ ತಿಳಿಯುವುದು ಡಿಸ್‌ಚಾರ್ಜ್ ಅಂಕಿಯಿಂದ ಮಾತ್ರ. ಅದನ್ನೇ ಸೆಲ್ಲಿನ ಮೇಲೆ ಮಾರ್ಕರ್‌ನಲ್ಲಿ ತಿಂಗಳು, ವರ್ಷದ ಸಮೇತ ಬರೆದಿಡಿ. ಹತ್ತಿರ ಹತ್ತಿರದ ಅಂಕಿಯವನ್ನು ಒಂದು ಜೊತೆ ಮಾಡಿ. 1900ರ ಮೂರರ ನಡುವೆ 1200ರದ್ದೊಂದು ಸೇರಿದರೆ ಅದು ಮೊದಲು ಖಾಲಿಯಾಗುತ್ತದೆ, ಉಳಿದ ಮೂರೂ ಅದರೊಳಗೆ ಕರೆಂಟು ನೂಕುತ್ತಲೇ ಇದ್ದು, ಅದನ್ನು ಉಲ್ಟಾ ಚಾರ್ಜ್ ಮಾಡಿ ಪೂರ್ತಿ ಹಾಳುಮಾಡಬಹುದು.

ಡಿಸ್‌ಪ್ಲೇ ತಾನಾಗಿ ಹೇಳದ ಸಂಗತಿಯೊಂದಿದೆ, ಸೆಲ್ ಇಟ್ಟಲ್ಲೇ ಎಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ ಎನ್ನುವುದು. 2005ರಲ್ಲಿ ಸ್ಯಾನ್ಯೋ ಕಂಪನಿಯ ಎನೆಲೂಪ್ ಎಂಬ, ಚಾರ್ಜನ್ನು ಬಹುಕಾಲ ಹಿಡಿದಿಡುವ ಸೆಲ್ ಬರುವ ತನಕ ನಿಕಲ್ ಸೆಲ್‌ಗಳ ದೊಡ್ಡ ಕೊರತೆಯೇ ಇದಾಗಿತ್ತು. ಇವತ್ತಿಗೂ ಬಳಲಿದ ಸೆಲ್ ಬಿಸಿಬಿಸಿ ಚಾರ್ಜಿನಲ್ಲಿ 1900 ತೋರಿಸಿ, ಮೂರು ವಾರ ಡ್ರಾಯರಿನಲ್ಲಿ ಮಲಗಿದರೆ 900 ಮಾತ್ರ ಕೊಡಬಹುದು. ಚಾರ್ಜ್ ಮಾಡಿ, ಕೆಲವು ವಾರ ಇಟ್ಟು, ಆಮೇಲೆ ಡಿಸ್‌ಚಾರ್ಜ್ ಮೋಡ್ ಮಾತ್ರ ಓಡಿಸಿ. ನನ್ನ ಪ್ರಕಾರ ಸೆಲ್ಲಿನ ನಿಜವಾದ ಪರೀಕ್ಷೆ ಇದೇ. ರಿಮೋಟಿಗೆ, ಗಡಿಯಾರಕ್ಕೆ ಯಾವುದನ್ನು ಹಾಕಬಾರದು ಅಂತ ಇದರಿಂದ ತಿಳಿಯುತ್ತದೆ. ಸೆಲ್ಲಿನ ಮೇಲಿನ ಚೀಟಿಯನ್ನಂತೂ ಕಣ್ಣುಮುಚ್ಚಿ ನಂಬಬೇಡಿ. ಎಎ ಗಾತ್ರದ ನಿಕಲ್ ಸೆಲ್ಲಿನ ಮೇಲೆ 3000 ಮೀರಿದ ಅಂಕಿ ಇದ್ದರೆ, 18650 ಎಂಬ ಗಾತ್ರದ ಲಿಥಿಯಂ ಸೆಲ್ಲಿನ ಮೇಲೆ 9900 ಎಂದಿದ್ದರೆ, ಅದು ಸುಳ್ಳು.

ಸೆಲ್ ಹಾಕಿದರೂ ಗುರುತೇ ಹಿಡಿಯದಿದ್ದರೆ ಅದರ ವೋಲ್ಟೇಜ್ ಚಾರ್ಜರಿಗೆ ಬೇಕಾದ ಕನಿಷ್ಠಕ್ಕಿಂತ ಕೆಳಗಿಳಿದಿರಬಹುದು. ಆಫ್ ಮಾಡದೆ ಮರೆತ ಟಾರ್ಚಿನಲ್ಲಿ ಹೀಗಾಗುವುದು ಸಾಮಾನ್ಯ. ನಿಕಲ್ ಸೆಲ್ ಆದರೆ ಡಿಸ್‌ಪ್ಲೇ ಇಲ್ಲದ ಸಾದಾ ಚಾರ್ಜರಿನಲ್ಲಿ ಕೆಲವು ನಿಮಿಷ ಇಟ್ಟು, ವೋಲ್ಟೇಜ್ 1ರ ಮೇಲೆ ಬಂದ ಮೇಲೆ ಇದಕ್ಕೆ ಹಾಕಿದರೆ ಗುರುತು ಹಿಡಿಯುತ್ತದೆ. ಎರಡು ಮೂರು ಸುತ್ತು ಓಡಿಸಿದರೆ ಹಲವು ಸೆಲ್‌ಗಳು ಮೊದಲಿನ ಸಾಮರ್ಥ್ಯದ ಹತ್ತಿರಕ್ಕೆ ಬರುತ್ತವೆ. ನಾಲ್ಕೂ ಸ್ಲಾಟ್ ತುಂಬಿದಾಗ ಮಾತ್ರ ಚಾರ್ಜರ್ ಆಫ್ ಆಗಿ ಆನ್ ಆಗುತ್ತಿದ್ದರೆ ಅಡಾಪ್ಟರನ್ನು ಅನುಮಾನಿಸಿ. ನಡುವಿನ ಸ್ಲಾಟುಗಳು ಹೆಚ್ಚು ಬಿಸಿಯಾಗುವುದು ಸಹಜ, ಎರಡೇ ಸೆಲ್ ಇದ್ದರೆ ಅಂಚಿನ ಸ್ಲಾಟುಗಳಿಗೆ ಹಾಕಿ.

ಮೇಲೆ ಹೇಳಿದ ಎಬ್ಬಿಸುವ ಉಪಾಯವನ್ನು ಲಿಥಿಯಂ ಸೆಲ್ಲಿನ ಮೇಲೆ ದಯವಿಟ್ಟು ಪ್ರಯೋಗಿಸಬೇಡಿ. ವೋಲ್ಟೇಜ್ ತೀರಾ ಕೆಳಗಿಳಿದು ಹಾಗೇ ಉಳಿದ ಲಿಥಿಯಂ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಡೆ ಕೂತು ಒಳಗೇ ಶಾರ್ಟ್ ಆಗಬಹುದು, ಬೆಂಕಿಯೂ ಹತ್ತಬಹುದು. ಚಾರ್ಜರ್ ತಾನೇ ಸೆಲ್ಲಿನ ಜಾತಿ ಕಂಡುಹಿಡಿಯುತ್ತದೆ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಅದು ನೋಡುವುದು ಮುಖ್ಯವಾಗಿ ವೋಲ್ಟೇಜ್. 3.2 ವೋಲ್ಟ್ ಕಂಡರೆ ಅದು ಬಹುಪಾಲು ಖಾಲಿಯಾದ ಮಾಮೂಲಿ ಲಿಥಿಯಂ ಅಯಾನ್ ಸೆಲ್ಲೂ ಆಗಿರಬಹುದು, ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಬಗೆಯ ಸೆಲ್ಲೂ ಆಗಿರಬಹುದು. ಮೊದಲನೆಯದು 4.2ರವರೆಗೆ ತುಂಬಬೇಕು, ಎರಡನೆಯದು 3.65ಕ್ಕೇ ನಿಲ್ಲಬೇಕು. ಇದನ್ನು ನಾವೇ ಕೈಯಾರೆ ಆರಿಸಬೇಕು. 14500 ಎಂಬ ಲಿಥಿಯಂ ಸೆಲ್ ನೋಡಲು ಎಎ ಸೆಲ್ಲಿನಷ್ಟೇ ಇರುತ್ತದೆ, ವೋಲ್ಟೇಜ್ ಮಾತ್ರ ಮೂರು ಪಟ್ಟು. ಎರಡನ್ನೂ ಒಂದೇ ಡಬ್ಬದಲ್ಲಿ ಇಡಬೇಡಿ. ಯುಎಸ್‌ಬಿ ಕಿಂಡಿ ಇರುವ 1.5 ವೋಲ್ಟ್‌ನ ಲಿಥಿಯಂ ಎಎ ಸೆಲ್‌ಗಳೊಳಗೆ ಅವುಗಳದ್ದೇ ಸರ್ಕ್ಯೂಟ್ ಇರುತ್ತದೆ, ಅವನ್ನು ನಿಕಲ್ ಸ್ಲಾಟಿಗೆ ಹಾಕುವಂತಿಲ್ಲ. ಅಲ್ಕಲೈನ್ ಸೆಲ್ ಹಾಕಿದರೆ ಸೋರಿ ಪಿನ್ನನ್ನೇ ತಿಂದುಹಾಕಬಹುದು.

ಸ್ಲಾಟ್ ಬದಲಿಸಿ, ಪಿನ್ ಒರೆಸಿ, ಸರಿಯಾದ ಕರೆಂಟಿನಲ್ಲಿ ರಿಫ್ರೆಶ್ ಮುಗಿಸಿದ ಮೇಲೂ ಹೊಸತರಲ್ಲಿ ಕೊಡುತ್ತಿದ್ದ ಸಾಮರ್ಥ್ಯದ ಶೇ. 60ರಷ್ಟನ್ನೂ ಕೊಡದ ಸೆಲ್ಲನ್ನು ನಾನು ಇಟ್ಟುಕೊಳ್ಳುವುದಿಲ್ಲ. ಲಿಥಿಯಂ ಆದರೆ ಎರಡೂ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಯಾವುದೇ ಜಾತಿಯದಾದರೂ ಮನೆಯ ಕಸದ ಜೊತೆ ಬೆರೆಸದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.